ಸಾಹೇಬರು ಅತ್ತ ದಿನ

ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಕೂಸನ್ನು ಬೆರಳಿನಿಂದ ಮುಟ್ಟುವುದಿಲ್ಲ. ಎತ್ತಲೇಬೇಕಾದರೆ ಅಂಗೈ ಹೊರಗೆ ತಿರುಗಿಸಿ, ಎರಡೂ ಮೊಣಕೈ ಕೂಡಿಸಿ, ಕಟ್ಟಿಗೆ ಹೊರೆ ಎತ್ತಿದ ಹಾಗೆ ಎತ್ತುತ್ತೇವೆ. ನೋಡಿದವರಿಗೆ ಈ ತಾಯಂದಿರಿಗೆ ಮಕ್ಕಳೆಂದರೆ ಹೇಸಿಗೆಯೇನೋ ಅನ್ನಿಸಬೇಕು. ಬ್ಯಾಡಗಿಯಲ್ಲಿ ಈ ಕೆಲಸಕ್ಕೆ ಕೂತ ಮೊದಲ ದಿನವೇ ಇದನ್ನು ಕಲಿಸುತ್ತಾರೆ. ತೊಟ್ಟು ಮುರಿಯುವುದನ್ನು ಆಮೇಲೆ ಕಲಿಸುತ್ತಾರೆ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಸಾರಿನ ಮಟ್ಟಿಗೆ ಅದು ಖರೆ. ದಿನವಿಡೀ ಅದರಲ್ಲಿ ಕೈಯಾಡಿಸಿ, ಮರೆತು ಕಣ್ಣು ತಿಕ್ಕಿಕೊಂಡವರು ಯಾರೂ ಹಾಗೆ ಹೇಳುವುದಿಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವುದು ನಿಧಾನ, ಒತ್ತಕ್ಷರ ತಪ್ಪುತ್ತವೆ, ಮೊಮ್ಮಗಳು ತಿದ್ದುತ್ತಾಳೆ. ಈ ಸಂಗತಿಯನ್ನು ಇಷ್ಟು ವರ್ಷ ತಲೆಯೊಳಗೆ ತಿರುಗಿಸಿದ್ದೇನೆ, ಬಗೆಹರಿದಿಲ್ಲ. ಬರೆದರೆ ಬಗೆಹರಿಯುತ್ತದೆ ಎಂಬ ಆಸೆಯೇನೂ ನನಗಿಲ್ಲ. ಆದರೆ ಮಂದಿ ಇದನ್ನು ಬೇರೆಯೇ ರೀತಿ ಹೇಳುತ್ತಾರೆ. ನಾನು ಕಂಡದ್ದನ್ನು ಒಂದು ಸಲ ಬರೆದಿಡಬೇಕು.

ನಾವು ಕೂಡುತ್ತಿದ್ದದ್ದು ಒಂದು ದೊಡ್ಡ ಮೆಣಸಿನಕಾಯಿ ಅಂಗಡಿಯ ಹಿಂದಿನ ಅಂಗಳದಲ್ಲಿ. ಅಂಗಡಿ ಅಣ್ಣ ತಮ್ಮ ಇಬ್ಬರದು. ಅಣ್ಣ ವ್ಯಾಪಾರ ನೋಡುತ್ತಿದ್ದ, ತಮ್ಮ ರಾಜಕಾರಣಕ್ಕೆ ಇಳಿದಿದ್ದ. ಈ ತಮ್ಮನನ್ನೇ ನಾವು ಸಾಹೇಬರು ಎನ್ನುತ್ತಿದ್ದದ್ದು. ಅಂಗಳದಲ್ಲಿ ಒಂದು ಬೇವಿನ ಗಿಡ ಇತ್ತು. ಅದರ ಟೊಂಗೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದೆವು. ನೆರಳಿತ್ತು, ಗಾಳಿಯಿತ್ತು, ನೀರು ಮಾತ್ರ ಇರಲಿಲ್ಲ. ಕೈ ತೊಳೆಯಬೇಕೆಂದರೆ ರಸ್ತೆ ದಾಟಿ ಹನುಮಪ್ಪನ ಗುಡಿಯ ಹಿಂದಿನ ಬಾವಿಗೆ ಹೋಗಬೇಕು. ಮೊದಲು ಎಣ್ಣೆ ಹಚ್ಚಿ ತಿಕ್ಕಬೇಕು, ಆಮೇಲೆ ಸೇದಿ ಸೇದಿ ತೊಳೆಯಬೇಕು. ತಿರುಗಿ ಬರುವಷ್ಟರಲ್ಲಿ ಅಂಗಡಿಯ ಗುಮಾಸ್ತ ಬಾಗಿಲಲ್ಲಿ ನಿಂತಿರುತ್ತಿದ್ದ. ಅವನಿಗೆ ನಮ್ಮ ಕಡೆ ದಿವಾನಜಿ ಎನ್ನುತ್ತಾರೆ.

‘ಏನ್ ಬೇ, ಗಳಗನಾಥಕ್ಕ ಹೋಗಿ ಹೊಳಿ ಸ್ನಾನ ಮಾಡ್ಕೊಂಡ ಬಂದ್ರೇನು?’ ಎನ್ನುತ್ತಿದ್ದ.

ಹಾಲುಣಿಸುವ ತಾಯಂದಿರಿಗೆ ಇದು ದೊಡ್ಡ ತ್ರಾಸು. ನನ್ನ ಮಗಳು ಆಗ ಚೊಚ್ಚಲ ಹೆಣ್ಣುಕೂಸನ್ನು ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಕೂಸು ಅಳುತ್ತಿತ್ತು. ಇವಳ ಎದೆ ಸೋರಿ ಕುಪ್ಪಸ ನೆನೆಯುತ್ತಿತ್ತು. ಎದ್ದು ಬಾವಿಗೆ ಹೋದರೆ ದಿವಾನಜಿ ಮರುದಿನ ಬರಬೇಡ ಎನ್ನುತ್ತಾನೆ, ಹೋಗದಿದ್ದರೆ ಕೂಸು ಅತ್ತು ಅತ್ತು ನೀಲಿಯಾಗುತ್ತದೆ. ಅವಳೊಬ್ಬಳದೇ ಅಲ್ಲ, ಅಂಗಳದಲ್ಲಿ ಯಾವಾಗಲೂ ನಾಲ್ಕಾರು ಬಾಣಂತಿಯರು ಇರುತ್ತಿದ್ದರು. ನಮಗೆ ಬೇಕಾಗಿದ್ದದ್ದು ಒಂದೇ: ಅಂಗಳದೊಳಗೆ, ಬೇವಿನ ಗಿಡದ ಹತ್ತಿರ, ಒಂದು ನಳ.

ಸಾಹೇಬರನ್ನು ಅವರು ಸಣ್ಣವರಿದ್ದಾಗಿನಿಂದ ನಾನು ಕಂಡಿದ್ದೆ. ಆಗ ನಾನು ಹೊಸ ಸೊಸೆ, ಅತ್ತೆಯ ಜೊತೆ ಅದೇ ಅಂಗಳಕ್ಕೆ ಬರುತ್ತಿದ್ದೆ. ಅವರ ಮನೆಯಿಂದ ಅಂಗಡಿಗೆ ಹೋಗಲು ಅಂಗಳವನ್ನು ದಾಟಬೇಕಿತ್ತು. ಕಾಲಿಗೆ ಖಾರ ಹತ್ತಬಾರದೆಂದು ಆಳು ಅವರನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದ. ಮೂಗಿಗೆ ಬಿಳೀ ಅರಿವೆ ಕಟ್ಟಿರುತ್ತಿದ್ದರು. ಮೇಲಿನಿಂದ ನಮ್ಮನ್ನು ನೋಡಿ ಕೈ ಬೀಸುತ್ತಿದ್ದರು. ಒಳ್ಳೆಯ ಹುಡುಗ. ಯಾರಿಗೂ ಎಂದೂ ಕೆಟ್ಟ ಮಾತಾಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಗೊಂದಲವೇ ಇರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚುನಾವಣೆ ಬಂತು. ಸಾಹೇಬರು ಅಂಗಳಕ್ಕೆ ಬಂದು ಹೆಂಗಸರ ಕಷ್ಟ ಕೇಳುತ್ತಾರೆ ಎಂದು ದಿವಾನಜಿ ಹೇಳಿದ. ನಾವೆಲ್ಲ ಕೂಡಿ ಮಾತಾಡಿಕೊಂಡೆವು. ನಮ್ಮಲ್ಲಿ ಒಬ್ಬರನ್ನೊಬ್ಬರು ತವರೂರಿನ ಹೆಸರಿನಿಂದ ಕರೆಯುವುದು ರೂಢಿ. ನನ್ನ ತವರು ಕರ್ಜಗಿ. ನನ್ನ ಗೆಳತಿಯದು ಗುತ್ತಲ.

‘ಕರ್ಜಗಿ, ನೀನ ಮಾತಾಡು. ನಿನ್ನ ಬಾಯಿ ಕತ್ತರಿ ಇದ್ಧಂಗ ಐತಿ,’ ಎಂದಳು ಗುತ್ತಲದವಳು. ‘ನಳ ಒಂದ ಕೇಳು. ಮತ್ತ ರೇಷನ್ನು, ಪಿಂಚಣಿ ಅಂತ ಊರ ಪುರಾಣ ತಗೀಬ್ಯಾಡ. ಎರಡ ಕೇಳಿದ್ರ ಒಂದೂ ಸಿಗೂದಿಲ್ಲ.’

‘ಎಲ್ಲಿ ಹಾಕಸ್ಬೇಕು ಅನ್ನೂದೂ ಹೇಳವ್ವ. ಇಲ್ಲೆ, ಗಿಡದ ಕೆಳಗ,’ ಎಂದಳು ಮಗಳು.

ಸಾಹೇಬರು ಬಂದರು. ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ, ಘಮಘಮ. ಹಿಂದೆ ಬಿಳಿ ಅಂಗಿಯವರ ಹಿಂಡು, ಒಬ್ಬ ಕ್ಯಾಮೆರಾದವ. ಸಾಹೇಬರು ಆ ಅಂಗಳದಲ್ಲಿ ಕಾಲು ಊರಿ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾಯಿಯ ರಾಶಿಯ ಪಕ್ಕ ಒಂದು ಚೀಲದ ಮೇಲೆ ಕೂತರು.

‘ನಾನೂ ಇದ ಅಂಗಳದಾಗ ಬೆಳದಾಂವ. ಇವರು ನನಗ ತಾಯಿ ಇದ್ಧಂಗ,’ ಎಂದರು.

ಬೆಳೆದದ್ದು ಸುಳ್ಳಲ್ಲ. ಅಂಗಳದ ಮೇಲೆ, ಹೆಗಲಿನಷ್ಟು ಎತ್ತರದಲ್ಲಿ ಬೆಳೆದದ್ದು.

ಕ್ಯಾಮೆರಾದವ ಕಾಯಿ ಹಿಡಿಯಲು ಹೇಳಿದ. ಸಾಹೇಬರು ಹಿಡಿದು ಮುರಿದರು, ತೊಟ್ಟಿನ ಹತ್ತಿರ ಅಲ್ಲ, ಸರೀ ನಡುವೆ. ಒಳಗಿನ ಬೀಜವೆಲ್ಲ ಅಂಗೈ ತುಂಬ. ಇನ್ನೊಂದು ಮುರಿದರು, ಮತ್ತೊಂದು. ಬಿಳಿ ಅಂಗಿಯವರು ಚಪ್ಪಾಳೆ ಹೊಡೆದರು. ಬಣ್ಣದ ಪುಡಿ ಹತ್ತಿ ಅವರ ಬೆರಳು ಕುಂಕುಮ ಕಲಸಿದ ಹಾಗೆ ಆಯಿತು.

‘ಹೇಳವ್ವ, ಏನ್ ತ್ರಾಸ ಐತಿ? ಮನಸ ಬಿಚ್ಚಿ ಹೇಳು,’ ಎಂದರು ನನಗೆ.

‘ನೀರಿನ ತ್ರಾಸ ರೀ. ಅಂಗಳದಾಗ ಒಂದ ನಳ ಬೇಕ್ರಿ,’ ಎಂದೆ.

‘ಆತು. ಸರಕಾರಕ್ಕ ಬರೀತೇನಿ.’

ಗುತ್ತಲದವಳು ನನ್ನ ಕಿವಿಯಲ್ಲಿ, ‘ಅಂವನ ಗ್ವಾಡಿ, ಅಂವನ ಅಂಗಳ. ಅಣ್ಣಗ ಹೇಳಿದ್ರ ಸಂಜೀಕ ನಳ ಬರ್ತೈತಿ. ಸರಕಾರಕ್ಕ ಯಾಕ ಬರೀತಾನ ಬೇ?’ ಎಂದಳು. ನನಗೂ ಅದೇ ತಿಳಿಯಲಿಲ್ಲ. ಆದರೆ ನಾನು ಹೇಳಬೇಕಾದದ್ದು ಇನ್ನೂ ಮುಗಿದಿರಲಿಲ್ಲ. ನಳ ಯಾಕೆ ಬೇಕು, ಎಲ್ಲಿ ಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕ್ಯಾಮೆರಾದವ, ‘ಸಾಹೇಬ್ರ, ಒಂದ ಕೂಸು ಎತ್ಗೊಳ್ರಿ, ಚಲೋ ಬರ್ತೈತಿ,’ ಎಂದ.

ಸಾಹೇಬರು ಎದ್ದು ಹೋಗಿ, ಜೋಳಿಗೆಯಿಂದ ನನ್ನ ಮೊಮ್ಮಗಳನ್ನು ಎತ್ತಿದರು. ಬೆರಳಿನಿಂದ.

‘ಸಾಹೇಬ್ರ, ಮುಟ್ಟಬ್ಯಾಡ್ರಿ!’ ಎಂದು ಮಗಳು ಕೂಗಿದಳು.

ಸಾಹೇಬರು ಅವಳ ಕಡೆ ಬಹಳ ಕರುಣೆಯಿಂದ ನೋಡಿದರು. ‘ಯಾಕವ್ವಾ ಹಂಗಂತಿ? ನಾನು ಭೇದ ಎಣಸಾಂವ ಅಲ್ಲ. ನನಗ ಎಲ್ಲಾರೂ ಒಂದ,’ ಎಂದರು. ಎಂದು ಕೂಸಿನ ಗಲ್ಲ ಹಿಂಡಿದರು. ಹಣೆಯ ಕೂದಲು ಸರಿಸಿದರು. ಕಣ್ಣಿನ ಕಾಡಿಗೆ ಹರಡಿತ್ತು, ಅದನ್ನೂ ಹೆಬ್ಬೆರಳಿನಿಂದ ಒರೆಸಿದರು.

ಕೂಸು ಕಿರುಚಿದ್ದು ರಸ್ತೆಗೆ ಕೇಳಿಸಿರಬೇಕು. ‘ಮಂದಿ ನೋಡಿ ಅಂಜೈತಿ,’ ಎಂದು ಸಾಹೇಬರು ಅದನ್ನು ಚೀಲದ ಮೇಲೆ ಮಲಗಿಸಿದರು. ಬಿಸಿಲಿತ್ತು, ಅವರ ಹಣೆಯ ಬೆವರು ಕಣ್ಣಿಗೆ ಇಳಿಯಿತು. ಅದೇ ಕೈಯಿಂದ ತಮ್ಮ ಎರಡೂ ಕಣ್ಣು ಒರೆಸಿಕೊಂಡರು.

ಆಮೇಲೆ ಏನಾಗಬೇಕೋ ಅದೇ ಆಯಿತು. ಕಣ್ಣು ಕೆಂಪಾದವು, ನೀರು ದಳದಳ ಇಳಿಯಿತು, ಮೂಗು ಸೋರಿತು. ಕ್ಯಾಮೆರಾದವ ಒಂದಾದ ಮೇಲೊಂದು ಫೋಟೋ ಹೊಡೆದ. ಬಿಳಿ ಅಂಗಿಯವರಲ್ಲಿ ಒಬ್ಬ, ‘ಸಾಹೇಬ್ರು ಅಳಾಕತ್ತಾರ!’ ಎಂದ. ಕೆಲವರು ಟೊಪ್ಪಿಗೆ ತೆಗೆದರು. ಸಾಹೇಬರು ಆ ಮಾತನ್ನು ಕೇಳಿಸಿಕೊಂಡು ಒಂದು ಕ್ಷಣ ಗಾಬರಿಯಾಗಿ ನಿಂತರು. ಆಮೇಲೆ, ಇದನ್ನು ನಾನು ನನ್ನ ಕಣ್ಣಾರೆ ಕಂಡೆ, ಅವರ ಮುಖ ನಿಧಾನಕ್ಕೆ ಬದಲಾಯಿತು. ಯಾರೋ ಒಳ್ಳೆಯ ಸುದ್ದಿ ಹೇಳಿದ ಹಾಗೆ. ಎದೆಯ ಮೇಲೆ ಕೈ ಇಟ್ಟುಕೊಂಡು ಇನ್ನೂ ಜೋರಾಗಿ ಅತ್ತರು.

ಬಿಳಿ ಅಂಗಿಯವರು ಅವರನ್ನು ಕಾರಿನ ಕಡೆ ಕರೆದೊಯ್ದರು. ನಾನು ಹಿಂದೆ ಹೋಗುತ್ತ ಕೂಗಿ ಹೇಳಿದೆ: ‘ಹಿಂದ ಗಿಡದ ಕೆಳಗ ಹಾಕಸ್ರಿ! ಕೈ ತೊಳಕೊಳ್ಳಾಕ ಬೇಕ್ರಿ, ಕುಡಿಯಾಕಲ್ಲ! ಮುಂದ ಹಾಕಿದ್ರ ನಮಗ ಉಪಯೋಗ ಇಲ್ಲ!’ ಅವರನ್ನು ಕೈ ಹಿಡಿದು ಕಾರಿನಲ್ಲಿ ಕೂಡಿಸಿದರು.

ಇತ್ತ ಕೂಸು ಚೀಲದ ಮೇಲೆ ಒದ್ದಾಡುತ್ತಿತ್ತು. ಅಂಗಳದ ತುಂಬ ಹೆಂಗಸರು, ಎಲ್ಲರೂ ಮಕ್ಕಳನ್ನು ಹೆತ್ತವರು, ಒಬ್ಬಳ ಕೈಯೂ ಚೊಕ್ಕ ಇಲ್ಲ. ಮಗಳು ಚೀಲದ ಮುಂದೆ ಮೊಣಕಾಲೂರಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಗುತ್ತಲದವಳು ಬಾಯಲ್ಲಿ ಕಚ್ಚಿ ಅವಳ ಸೆರಗು ಸರಿಸಿ, ಕುಪ್ಪಸದ ಗಂಟು ಬಿಚ್ಚಿದಳು. ಎದೆಹಾಲು ಹನಿ ಹನಿಯಾಗಿ ಕೂಸಿನ ಕಣ್ಣಿಗೆ ಬಿತ್ತು. ನಮ್ಮಲ್ಲಿ ಕಣ್ಣಿಗೆ ಖಾರ ಹತ್ತಿದರೆ ಅದೇ ಔಷಧಿ. ನಾನು ರಸ್ತೆ ದಾಟಿ ಬಾವಿಗೆ ಓಡಿದೆ.

ಕೂಸಿಗೆ ಏನೂ ಆಗಲಿಲ್ಲ. ಕಣ್ಣು ಊದಿ ಆಮೇಲೆ ಇಳಿಯಿತು. ಈಗ ಈ ಕಾಗದದ ಮೇಲೆ ನನ್ನ ಒತ್ತಕ್ಷರ ತಿದ್ದುತ್ತಿರುವವಳು ಅವಳೇ. ಕಣ್ಣು ಚುರುಕೇ ಇದೆ.

ಪೇಪರಿನಲ್ಲಿ ಫೋಟೋ ಬಂತು. ಕೂಲಿ ಹೆಂಗಸರ ಬವಣೆ ಕಂಡು ಕಣ್ಣೀರಿಟ್ಟ ನಾಯಕ ಎಂದು ಕೆಳಗೆ ಬರೆದಿದ್ದರು. ಅಂಗಳದಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುತ್ತಲದವಳು ಒಂದು ಕಾಯಿ ಹಿಡಿದು, ‘ಯವ್ವಾ, ಇದಕ್ಕ ಇಷ್ಟ ಶಕ್ತಿ ಐತಿ ಅಂತ ಗೊತ್ತಿದ್ರ ನಾನೂ ಎಲೆಕ್ಷನ್ನಿಗೆ ನಿಂದರ್ತಿದ್ನಿ,’ ಎಂದಳು. ಸಾಹೇಬರು ಆರಿಸಿ ಬಂದರು.

ನಗು ನಿಂತದ್ದು ರಾಣೆಬೆನ್ನೂರಿನಲ್ಲಿ. ಸಾಹೇಬರಿಗೆ ಅಲ್ಲಿ ಸನ್ಮಾನ ಇತ್ತು. ಮಂದಿ ಬೇಕೆಂದು ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು. ಬುತ್ತಿ ಕೊಡುತ್ತಾರೆಂದು ನಾವೂ ಹೋದೆವು. ಸಾಹೇಬರು ಭಾಷಣ ಮಾಡುತ್ತ ಮಾಡುತ್ತ ಆ ದಿನದ ಕಥೆಗೆ ಬಂದರು. ಒಬ್ಬ ಮುದುಕಿ ಏನನ್ನೂ ಬೇಡದೆ ತಮ್ಮ ಮುಖವನ್ನೇ ನೋಡುತ್ತ ನಿಂತಿದ್ದಳಂತೆ. ಒಂದು ಕೂಸನ್ನು ಎತ್ತಿಕೊಂಡರಂತೆ, ಕೆಳಗಿಳಿಸಿದ ಕೂಡಲೇ ಅದು ಮತ್ತೆ ತಮ್ಮ ತೋಳಿಗೆ ಬರಬೇಕೆಂದು ಅತ್ತಿತಂತೆ. ಆಗ ತಮ್ಮ ಎದೆ ಒಡೆಯಿತಂತೆ. ಹೇಳುತ್ತ ಹೇಳುತ್ತ ಸಾಹೇಬರಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಕೈಯಲ್ಲಿ ಮೈಕು ಬಿಟ್ಟರೆ ಬೇರೇನೂ ಇರಲಿಲ್ಲ.

ಸುಳ್ಳು ಹೇಳುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ನನ್ನ ಗಂಡನೇ ಕುಡಿದು ಬಂದು ಕುಡಿದಿಲ್ಲ ಎನ್ನುತ್ತಿದ್ದ. ಸುಳ್ಳು ಹೇಳುವವನ ಕಣ್ಣು ನಿಲ್ಲುವುದಿಲ್ಲ, ಎದುರಿನವರು ನಂಬಿದರೋ ಇಲ್ಲವೋ ಎಂದು ಹುಡುಕುತ್ತದೆ. ಸಾಹೇಬರ ಕಣ್ಣು ನಿಂತೇ ಇತ್ತು. ಅವರು ಯಾರನ್ನೂ ನಂಬಿಸುತ್ತಿರಲಿಲ್ಲ. ತಿರುಗಿ ನೋಡಿದರೆ, ನನ್ನ ಪಕ್ಕದಲ್ಲಿ ಗುತ್ತಲದವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

‘ನಿನಗೇನಾತ ಬೇ? ನೀನೂ ಅಲ್ಲೇ ಇದ್ದೆಲ್ಲ?’ ಎಂದೆ.

‘ಇದ್ನಿ ಬಿಡು. ಏನ್ಮಾಡ್ಲಿ, ಭಾಳ ಚಂದ ಹೇಳಾಕತ್ತಾನ,’ ಎಂದಳು.

ಲಾರಿಯಲ್ಲಿ ಮರಳಿ ಬರುವಾಗ ನನಗೇ ಅನುಮಾನ ಬಂತು. ನಾನು ನಳ ಕೇಳಿದ್ದೆನೋ ಇಲ್ಲವೋ? ಮಗಳಿಗೆ ಕೇಳಿ ಖಾತ್ರಿ ಮಾಡಿಕೊಂಡೆ.

ನಳ ಬಂತು. ಇಲ್ಲ ಎನ್ನುವುದಿಲ್ಲ. ಆದರೆ ಬೇವಿನ ಗಿಡದ ಕೆಳಗೆ ಬರಲಿಲ್ಲ, ಅಂಗಡಿಯ ಮುಂದಿನ ಕಟ್ಟೆಯ ಹತ್ತಿರ ಬಂತು. ಪಕ್ಕದಲ್ಲಿ ಸಾಹೇಬರ ಹೆಸರು ಕೆತ್ತಿದ ಕಲ್ಲು. ಆದರೂ ನಾವು ಹೋಗಿ ಕೈ ತೊಳೆದೆವು, ಬಾವಿಗಿಂತ ಹತ್ತಿರ. ಆಮೇಲೆ ಒಂದು ದಿನ ದೂರದಿಂದ ಬಂದ ವ್ಯಾಪಾರಿಯೊಬ್ಬ ಆ ನಳ ತಿರುಗಿಸಿ ಮುಖ ತೊಳೆದುಕೊಂಡ. ನಮ್ಮ ಕೈಯ ಖಾರ ಹಿಡಿಕೆಗೆ ಹತ್ತಿತ್ತು. ಅವನು ಕುಣಿದ ಕುಣಿತ ಇಡೀ ಪೇಟೆ ನೋಡಿತು. ಮರುದಿನವೇ ಸಾಹೇಬರ ಅಣ್ಣ ನಳದ ಸುತ್ತ ಕಬ್ಬಿಣದ ಜಾಲರಿ ಹಾಕಿಸಿ, ಗೇಟಿಗೆ ಬೀಗ ಜಡಿಸಿ, ಕೀಲಿಯನ್ನು ದಿವಾನಜಿಗೆ ಕೊಟ್ಟ. ವ್ಯಾಪಾರಿಗಳು ಬಂದಾಗ ತೆರೆಯುತ್ತಿದ್ದ. ಬೀಗ ಹಾಕಿದ್ದು ತಪ್ಪು ಎಂದು ಹೇಳಬೇಕೆಂದರೆ, ಆ ವ್ಯಾಪಾರಿಯ ಕಣ್ಣೂ ಕಣ್ಣೇ. ಹಾಗಾದರೆ ತಪ್ಪು ಯಾರದು? ಎಲ್ಲಿ ಹಿಡಿಯಲು ಹೋದರೂ ಕೈಗೆ ಸಿಗುವುದಿಲ್ಲ.

ಮುಂದಿನ ಚುನಾವಣೆಯಲ್ಲಿ ಸಾಹೇಬರು ಸೋತರು. ಗೆದ್ದವರ ಹತ್ತಿರ ನಳದ ಮಾತು ಎತ್ತಿದರೆ, ‘ಅದರ ಮ್ಯಾಲ ಯಾರ ಹೆಸರ ಐತೋ ಅವರನ್ನ ಕೇಳ್ರಿ,’ ಎಂದರು. ಆ ಹೊತ್ತಿಗೆ ಮಗಳಿಗೆ ಎರಡನೇ ಕೂಸು. ಮತ್ತೆ ಅದೇ ಜೋಳಿಗೆ, ಅದೇ ಅಳು, ಅದೇ ಬಾವಿ. ದಿವಾನಜಿ ಈ ಸಲ ನೇರವಾಗಿ ಹೇಳಿದ್ದ: ಕೂಸು ದೊಡ್ಡದಾಗುವ ತನಕ ಮನೆಯಲ್ಲೇ ಕೂಡು. ಮನೆಯಲ್ಲಿ ಕೂತರೆ ಅವಳ ಜಾಗಕ್ಕೆ ಬೇರೊಬ್ಬಳು ಬರುತ್ತಾಳೆ. ನಾನೂ ಗುತ್ತಲದವಳೂ ಬಸ್ಸು ಹತ್ತಿ ಹಾವೇರಿಗೆ, ಆರಿಸಿ ಬಂದ ಮೇಲೆ ಸಾಹೇಬರು ಮಾಡಿದ್ದ ಮನೆಗೆ ಹೋದೆವು. ಅಣ್ಣನಿಗೆ ಒಂದು ಮಾತು ಹೇಳಿದರೆ ಸಾಕಿತ್ತು.

ಮೊದಲು ಆ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲವಂತೆ. ನಾವು ಹೋದಾಗ ನಮ್ಮ ಚಪ್ಪಲಿಗಳೇ ಇದ್ದದ್ದು. ನಡುಮನೆಯ ಗೋಡೆಯ ಮೇಲೆ ಹಳೆಯ ಏಲಕ್ಕಿ ಹಾರಗಳು ಬಣ್ಣಗೆಟ್ಟು ತೂಗುತ್ತಿದ್ದವು. ಅಂಗಳದ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಸಾಹೇಬರು ನಮ್ಮನ್ನು ನೋಡಿ ಖುಷಿಯಾದರು. ಕುರ್ಚಿಯ ಮೇಲೆ ಕೂಡಿಸಿದರು. ಒಂದು ಹಾರದಿಂದ ತಾವೇ ಏಲಕ್ಕಿ ಕಿತ್ತು ಒಳಗೆ ಕೊಟ್ಟು, ‘ಚಹಾಕ್ಕ ಹಾಕ್ರಿ,’ ಎಂದರು.

‘ಎಲ್ಲಿಂದ ಬಂದ್ರವ್ವ?’

‘ಬ್ಯಾಡಗಿಯಿಂದ ರೀ. ನಿಮ್ಮ ಅಂಗಳದಾಗ ತೊಟ್ಟ ಬಿಡಸ್ತೇವಿ.’

ಅಷ್ಟೇ ಸಾಕಾಯಿತು. ಕಥೆ ಶುರುವಾಯಿತು. ‘ಅಲ್ಲೊಬ್ಬಾಕಿ ಮುದುಕಿ ಇದ್ಲು. ಏನೂ ಬೇಡ್ಲಿಲ್ಲ ನೋಡು. ಸುಮ್ನ ನನ್ನ ಮಾರಿ ನೋಡಿದ್ಲು…’

‘ಆ ಮುದುಕಿ ನಾನ ರೀ. ನಾ ನಳ ಬೇಡಿದ್ನಿ.’

ಸಾಹೇಬರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ‘ನೀನಲ್ಲವ್ವ. ಆಕಿ ಭಾಳ ಸೌಮ್ಯ ಇದ್ಲು,’ ಎಂದರು.

ಗುತ್ತಲದವಳಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೆ ಹತ್ತಿತು. ನನಗೆ ನಗು ಬರಲಿಲ್ಲ. ನಾನು ಹೇಳಿಯೇಬಿಟ್ಟೆ.

‘ಸಾಹೇಬ್ರ, ಅವತ್ತ ನಿಮಗ ಖಾರ ಹತ್ತಿತ್ತು. ಕಾಯಿ ಮುರದ ಕೈಲೆ ಕಣ್ಣ ಒರಸ್ಕೊಂಡ್ರಿ. ಅದಕ್ಕ ನೀರ ಬಂತು. ಕೂಸಿಗೂ ಅದ ಆತು.’

ಸಾಹೇಬರು ಅಂಗೈ ತಿರುಗಿಸಿ ನೋಡಿಕೊಂಡರು, ಇನ್ನೂ ಕೆಂಪು ಉಳಿದಿದೆಯೇನೋ ಎಂಬಂತೆ. ಗೋಡೆಯ ಫೋಟೋ ನೋಡಿದರು. ಈಗ ಸಿಟ್ಟಾಗುತ್ತಾರೆ ಎಂದುಕೊಂಡೆ, ಅಥವಾ ನಗುತ್ತಾರೆ. ಎರಡೂ ಆಗಲಿಲ್ಲ.

‘ಹತ್ತಿರಬಹುದು,’ ಎಂದರು ನಿಧಾನಕ್ಕೆ. ‘ಆದ್ರ ಅದಕ್ಕಿಂತ ಮೊದಲ ನನಗ ದುಃಖ ಆಗಿತ್ತು.’

‘ಮೊದಲ?’

‘ಮೊದಲ. ನನ್ನ ದುಃಖ ನನಗ ಗೊತ್ತಾಗೂದಿಲ್ಲೇನವ್ವ?’

ಅವರ ಹೊಟ್ಟೆಯೊಳಗೆ ಆ ಹೊತ್ತು ಏನಿತ್ತೋ ನಾನು ಕಂಡಿಲ್ಲ. ನಾನು ಕಂಡದ್ದು ಕೈ.

ಆಮೇಲೆ ಅವರೇ ಕೇಳಿದರು. ಕೇಳುವಾಗ ಧ್ವನಿ ಸಣ್ಣ ಹುಡುಗನ ಹಾಗಿತ್ತು. ‘ಮಂದಿ ನನ್ನ ಯಾಕ ಕೈ ಬಿಟ್ರು? ನಾ ಏನ್ ಕಡಿಮಿ ಮಾಡಿದ್ನಿ? ನಿಮಗ ನಳ ಹಾಕಿಸಿ ಕೊಟ್ನಿ.’

‘ನಳಕ್ಕ ಬೀಗ ಐತ್ರಿ.’

‘ಬೀಗ? ಯಾರ ಹಾಕಿದ್ರು?’

‘ನಿಮ್ಮ ಅಣ್ಣಾರು.’

‘ಮತ್ತ ನನಗ ಯಾಕ ಹೇಳ್ಲಿಲ್ಲ ನೀವು? ಎಲ್ಲಿ ಬೇಕು, ಹೆಂಗ ಬೇಕು ಅಂತ ಮೊದಲ ಹೇಳಬೇಕಿತ್ತಿಲ್ಲ?’

‘ಅವತ್ತ ಹೇಳಿದ್ನಿ ರೀ. ಗಿಡದ ಕೆಳಗ ಹಾಕಸ್ರಿ ಅಂತ ಒದರಿ ಒದರಿ ಹೇಳಿದ್ನಿ.’

‘ಅವತ್ತ ನನಗ ಏನೂ ಕೇಳಿಸ್ಲಿಲ್ಲವ್ವ,’ ಎಂದರು ಸಾಹೇಬರು. ‘ನಾ ಅಳಾಕತ್ತಿದ್ದೆ.’

ಅದು ಖರೆಯೇ ಇತ್ತು. ಕಣ್ಣಿಗೆ ಖಾರ ಹತ್ತಿದವನಿಗೆ ಕಿವಿ ಕೇಳಿಸುವುದಿಲ್ಲ, ನನಗೂ ಗೊತ್ತು. ಗುತ್ತಲದವಳು ನನ್ನ ಸೆರಗು ಜಗ್ಗಿದಳು, ಏಳು ಎಂದು. ಬಾಗಿಲ ತನಕ ಬಂದು ಸಾಹೇಬರು, ‘ನಾನ ಬಂದು ನೋಡ್ತೇನಿ,’ ಎಂದರು. ನಾವು ನಂಬಲಿಲ್ಲ.

ಆದರೆ ಬಂದರು. ಅದೇ ವಾರ, ಒಬ್ಬರೇ, ಹಾರವಿಲ್ಲದೆ. ಸುದ್ದಿ ಹತ್ತಿ ನಾವೆಲ್ಲ ರಾಶಿ ಬಿಟ್ಟು ಮುಂದಿನ ಕಟ್ಟೆಗೆ ಹೋದೆವು. ಮಗಳು ಕೂಸನ್ನು ಮೊಣಕೈಯಲ್ಲಿ ಅವುಚಿಕೊಂಡು ಬಂದಿದ್ದಳು. ದಿವಾನಜಿ ಓಡಿ ಬಂದು ಬೀಗ ತೆಗೆದು ಗೇಟು ತೆರೆದ, ವ್ಯಾಪಾರಿಗಳಿಗೆ ತೆರೆಯುವಂತೆ. ಸಾಹೇಬರು ಒಳಗೆ ಹೋದರು. ತಮ್ಮ ಹೆಸರಿನ ಕಲ್ಲಿನ ಧೂಳನ್ನು ಕೈಯಿಂದ ಒರೆಸಿದರು. ನಳ ತಿರುಗಿಸಿದರು. ಬೊಗಸೆ ಹಿಡಿದು ಕುಡಿದರು.

‘ಚಲೋ ಬರ್ತೈತಲ್ಲ ನೀರು,’ ಎಂದರು. ಬಂದ ಕೆಲಸ ಅವರ ತಲೆಯಲ್ಲಿ ಎಷ್ಟು ಉಳಿದಿತ್ತೋ ದೇವರೇ ಬಲ್ಲ.

ತಿರುಗಿ ನೋಡಿದರು. ಜಾಲರಿಯ ಹೊರಗೆ ನಾವೆಲ್ಲ ನಿಂತಿದ್ದೆವು, ಕೆಂಪು ಕೈಗಳನ್ನು ಎಲ್ಲಿಯೂ ತಾಗದಂತೆ ಮುಂದೆ ಹಿಡಿದುಕೊಂಡು. ನಮ್ಮ ಕಣ್ಣು ನೀರಿನ ಮೇಲೆ. ಅವರು ನಳ ನಿಲ್ಲಿಸಿರಲಿಲ್ಲ, ಹರಿಯುತ್ತಲೇ ಇತ್ತು. ಸಾಹೇಬರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಕಣ್ಣು ತುಂಬಿತು. ಆ ದಿನ ಅವರು ಕಾಯಿ ಮುಟ್ಟಿರಲಿಲ್ಲ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

‘ಸೋತ ಮ್ಯಾಲೂ ನನ್ನ ನೋಡಾಕ ಇಷ್ಟ ಮಂದಿ ಬರ್ತೀರಿ,’ ಎಂದರು. ‘ನಾ ಏನ್ ಪುಣ್ಯ ಮಾಡಿದ್ನೋ.’

ಅಷ್ಟರಲ್ಲಿ ಗುತ್ತಲದವಳು ಮೆಲ್ಲಗೆ ಗೇಟಿನೊಳಗೆ ನುಗ್ಗಿ, ಸಾಹೇಬರ ಪಕ್ಕದಲ್ಲೇ ಬಗ್ಗಿ, ಕೈ ನೀರಿಗೊಡ್ಡಿದಳು. ಕೆಂಪು ನೀರು ಕಟ್ಟೆಯ ಮೇಲಿಂದ ಇಳಿಯಿತು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ದಿವಾನಜಿ ಬಾಯಿ ತೆರೆದ. ಆದರೆ ಮಾಲೀಕರು ಅಲ್ಲೇ ಕಣ್ಣೀರು ಹಾಕುತ್ತ ನಿಂತಿದ್ದಾರೆ, ಅವನು ಯಾರನ್ನು ಬೈಯಬೇಕು? ಸಾಹೇಬರಿಗೆ ನಾವು ಹತ್ತಿರ ಬಂದದ್ದೇ ಸಮಾಧಾನ. ಒಬ್ಬೊಬ್ಬಳಿಗೂ ಕೈ ಮುಗಿಯುತ್ತ ಜಾಗ ಬಿಟ್ಟುಕೊಟ್ಟರು. ಮಗಳು ಕೂಸನ್ನು ನನ್ನ ಮೊಣಕೈಗೆ ದಾಟಿಸಿ ಹೋಗಿ, ಎಣ್ಣೆ ಹಚ್ಚಿ ತಿಕ್ಕಿ, ಮತ್ತೆ ಮತ್ತೆ ತೊಳೆದು, ಬೆರಳು ಮೂಸಿ ನೋಡಿ, ಅಲ್ಲೇ ಕಟ್ಟೆಯ ಮೇಲೆ ಕೂತು ಕೂಸನ್ನು ಬೆರಳಿನಿಂದ ಎತ್ತಿಕೊಂಡು ಹಾಲುಣಿಸಿದಳು.

ಸಾಹೇಬರು ಕಾರು ಹತ್ತಿ ಹೋದರು. ಅಣ್ಣನಿಗೆ ಏನೂ ಹೇಳಲಿಲ್ಲ. ಮರೆತರೋ, ಹೇಳುವುದೇನಿದೆ ಎಂದುಕೊಂಡರೋ.

ಮರುದಿನ ದಿವಾನಜಿ ಬೀಗ ಹಿಡಿದುಕೊಂಡು ಬಂದ. ಗುತ್ತಲದವಳು ಗೇಟಿಗೆ ಅಡ್ಡ ನಿಂತಳು.

‘ಸಾಹೇಬ್ರು ತಾವ ಕಣ್ಣೀರ ಹಾಕಿ, ಕೈ ಮುಗದು ನಮ್ಮನ್ನ ಒಳಗ ಬಿಟ್ಟಾರ. ಊರೆಲ್ಲಾ ನೋಡೈತಿ. ಈಗ ನೀ ಬೀಗ ಜಡೀತೀಯೇನ? ಜಡಿ. ನಾ ಹಾವೇರಿಗೆ ಹೋಗಿ ಹೇಳಿ ಬರ್ತೇನಿ.’

‘ಅವರು ಹಂಗ ಹೇಳ್ಯಾರೇನು?’ ಎಂದ ದಿವಾನಜಿ.

‘ಅತ್ತಾರಿಲ್ಲೋ?’

‘ಅತ್ತಾರ.’

‘ಮತ್ತ?’

ದಿವಾನಜಿ ಗೇಟನ್ನೂ ಬೀಗವನ್ನೂ ನೋಡಿದ. ಆಮೇಲೆ ಬೀಗವನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದ. ‘ಹಿಡಿಕಿ ತೊಳದ ಹೋಗ್ರಿ ಮತ್ತ, ವ್ಯಾಪಾರಿಗೋಳು ಬರ್ತಾರ,’ ಎಂದು ಅಲ್ಲಿಂದಲೇ ಕೂಗಿದ. ಆ ಗೇಟಿಗೆ ಮತ್ತೆ ಬೀಗ ಬೀಳಲಿಲ್ಲ. ಮಗಳು ಕೆಲಸ ಬಿಡಲಿಲ್ಲ.

ನಾನು ನಳದ ಮುಂದೆ ನಿಂತೇ ಇದ್ದೆ. ನೀರು ಕೊಟ್ಟವರು ಸಾಹೇಬರೇ ಎನ್ನಬೇಕೆಂದರೆ ಅವರು ಕೊಡಲಿಲ್ಲ. ಅಲ್ಲ ಎನ್ನಬೇಕೆಂದರೆ ಅವರು ಬಾರದಿದ್ದರೆ ಗೇಟು ತೆರೆಯುತ್ತಿರಲಿಲ್ಲ.

‘ಏನ ಬೇ ಕರ್ಜಗಿ, ಗರ ಬಡದಾಕಿ ಹಂಗ ನಿಂತಿ?’ ಎಂದಳು ಗುತ್ತಲದವಳು.

‘ಇದಕ್ಕ ಯಾರಿಗೆ ಕೈ ಮುಗೀಬೇಕು ಅಂತ ತಿಳೀವಲ್ದು.’

‘ಮೊದಲ ಕೈ ತೊಳಕೊ,’ ಎಂದು ಅವಳು ನಳ ತಿರುಗಿಸಿದಳು.